ಮನಾಮಾದಲ್ಲಿ ಇಂಡಿಯಾ ಗೆದ್ದಾಗ ನಾನೆಲ್ಲಿದ್ದೆ?

2025ರ ಮಾರ್ಚ್ ತಿಂಗಳು. ರಂಜಾನ್ ನಡೀತಿತ್ತು. ಆಫೀಸು ಬೇಗ ಬಿಡೋದು, ಇಫ್ತಾರ್ ಹೊತ್ತಿಗೆ ರಸ್ತೆಯೆಲ್ಲ ಖಾಲಿ ಆಗೋದು, ರಾತ್ರಿ ಹನ್ನೊಂದಕ್ಕೆ ಊರಿಗೆ ಊರೇ ಎದ್ದು ಕೂರೋದು... ಬಹ್ರೈನಿನಲ್ಲಿ ಇರುವವರಿಗೆ ಇದೆಲ್ಲ ಗೊತ್ತಿದ್ದದ್ದೇ. ಅದೇ ಹೊತ್ತಿಗೆ ಐಪಿಎಲ್ ಬೇರೆ ಬಂತು. ಮಾರ್ಚ್ 22ಕ್ಕೆ ಮೊದಲ ಮ್ಯಾಚೇ ನಮ್ಮ ಆರ್‌ಸಿಬಿಯದ್ದು. ಟಿವಿ ಮುಂದಿನಿಂದ ಏಳಲಿಕ್ಕೆ ಪುರುಸೊತ್ತೇ ಇರಲಿಲ್ಲ ಅನ್ನಿ.

ಹೀಗಿರುವಾಗ ಒಂದು ಬೆಳಿಗ್ಗೆ ಮಗ ಶೂ ಲೇಸ್ ಕಟ್ಟುತ್ತಾ ಕೇಳಿದ, "ಅಪ್ಪ, ಇಂಡಿಯಾದ ಬಾಸ್ಕೆಟ್‌ಬಾಲ್ ಟೀಮ್ ಇಲ್ಲಿ ಬಂದು ಆಡಿ ಹೋಯ್ತಂತೆ. ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಕ್ಲಾಸಿನಲ್ಲಿರುವ ಒಬ್ಬ ಫಿಲಿಪ್ಪೀನ್ಸ್ ಹುಡುಗ ಹೇಳಿದ್ದಂತೆ. ಆಮೇಲೆ ಹುಡುಕಿ ನೋಡಿದರೆ ವಿಷಯ ಸಣ್ಣದಲ್ಲ ಮಾರಾಯ್ರೆ. ಫಿಬಾ ಏಷ್ಯಾ ಕಪ್‌ಗೆ ಹೋಗಲಿಕ್ಕೆ ಉಳಿದಿದ್ದ ಕೊನೆಯ ಅವಕಾಶ ಅದು. ಭಾರತ, ಬಹ್ರೈನ್, ಇರಾಕ್, ಮೂರು ತಂಡ. ಭಾರತ ಇದೇ ಮನಾಮಾದಲ್ಲಿ ಬಹ್ರೈನನ್ನು ಅದರ ಮನೆಯಲ್ಲೇ ಸೋಲಿಸಿತು, ಇರಾಕನ್ನೂ ಸೋಲಿಸಿತು, ಜೆಡ್ಡಾದಲ್ಲಿ ನಡೆಯುವ ಏಷ್ಯಾ ಕಪ್‌ಗೆ ಟಿಕೆಟ್ ಪಡೆಯಿತು. ನಮ್ಮ ಮನೆಯಿಂದ ಕಾರಿನಲ್ಲಿ ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ. ನಾನು ಮನೆಯಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದೆ.

ನಮಗಿಲ್ಲಿ ಆರೇಳು ವಾಟ್ಸಾಪ್ ಗುಂಪುಗಳಿವೆ. ಊರಿನವರದ್ದು, ಶಾಲೆಯ ಪೋಷಕರದ್ದು, ಭಜನೆಯದ್ದು, ಯಕ್ಷಗಾನದ್ದು, ಹಳೆ ಸೋಫಾ ಮಾರುವವರದ್ದು. ಒಂದರಲ್ಲೂ ಯಾರೂ ಒಂದು ಸಾಲು ಹಾಕಿರಲಿಲ್ಲ. ಇದೇ ಗುಂಪುಗಳಲ್ಲಿ 2024ರ ಅಕ್ಟೋಬರ್‌ನಲ್ಲಿ ಎಂತ ಗಲಾಟೆ ಇತ್ತು ಗೊತ್ತುಂಟಾ? ಅಬುಧಾಬಿಗೆ ಬೋಸ್ಟನ್ ಸೆಲ್ಟಿಕ್ಸ್ ಮತ್ತು ಡೆನ್ವರ್ ನಗೆಟ್ಸ್ ಬಂದಿದ್ದವು. ಸೀಸನ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯ, ಸೋತರೂ ಗೆದ್ದರೂ ಲೆಕ್ಕಕ್ಕಿಲ್ಲ. ಆದರೂ ನನಗೆ ಗೊತ್ತಿರುವ ಎರಡು ಮನೆಯವರು ವಿಮಾನ ಹತ್ತಿ, ಹೋಟೆಲ್ ಮಾಡಿ, ಮಕ್ಕಳಿಗೆ ಹೊಸ ಜೆರ್ಸಿ ತೊಡಿಸಿ ನೋಡಿ ಬಂದರು. ಯೋಕಿಚ್ ಜೊತೆ ತೆಗೆಸಿಕೊಂಡ ಫೋಟೋ ಅಂತ ಒಂದು ಬಂತು. ಯೋಕಿಚ್ ಮೈದಾನದ ಆ ತುದಿಯಲ್ಲಿ ಕಡ್ಲೆಕಾಯಿಯಷ್ಟು ಕಾಣುತ್ತಿದ್ದ, ಇವರು ಈ ತುದಿಯಲ್ಲಿ ಹಲ್ಲು ಕಿರಿಯುತ್ತಿದ್ದರು :)

ತಮಾಷೆ ಮಾಡ್ತಾ ಇಲ್ಲ, ಅವರು ಹೋದದ್ದು ತಪ್ಪು ಅಂತಲೂ ಅಲ್ಲ. ಸಾಧ್ಯವಿದ್ದರೆ ನಾನೂ ಹೋಗುತ್ತಿದ್ದೆ. ಆದರೆ ಹೋಗಿ ಬಂದ ಸ್ನೇಹಿತರೊಬ್ಬರು ಒಂದು ಮಾತು ಹೇಳಿದರು. "ನೋಡ್ತಾ ಇರಿ, ಯುರೋಪಿನಲ್ಲಿ ಎನ್‌ಬಿಎ ಹೋಗಿ ಬಾಸ್ಕೆಟ್‌ಬಾಲ್ ಹೇಗೆ ಬೆಳೆಸಿತೋ ಹಾಗೇ ಗಲ್ಫಲ್ಲೂ ಇಂಡಿಯಾದಲ್ಲೂ ಇನ್ನು ಹತ್ತು ವರ್ಷದಲ್ಲಿ ಬೆಳೆಸ್ತದೆ." ಈ ಮಾತು ತುಂಬ ಜನ ಹೇಳುತ್ತಾರೆ. ಕೇಳಲಿಕ್ಕೂ ಚೆನ್ನಾಗಿದೆ. ಆದರೆ ಯುರೋಪಿನ ಕಥೆಯನ್ನು ಇಲ್ಲಿ ಬಾಲದಿಂದ ಹಿಡಿದು ಹೇಳುತ್ತಿದ್ದಾರೆ ಅಂತ ನನ್ನ ಅಭಿಪ್ರಾಯ.

ತಲೆಯಿಂದ ಶುರು ಮಾಡೋಣ. ಎನ್‌ಬಿಎ ಹುಟ್ಟಿದ್ದು 1946ರಲ್ಲಿ. ಅದಕ್ಕೂ ಮೊದಲೇ, 1937 ಮತ್ತು 1939ರಲ್ಲಿ ಲಿಥುವೇನಿಯಾ ಅನ್ನುವ ಪುಟ್ಟ ದೇಶ ಯುರೋಪಿನ ಬಾಸ್ಕೆಟ್‌ಬಾಲ್ ಚಾಂಪಿಯನ್ ಆಗಿತ್ತು. ಹೇಗೆ ಅಂದರೆ, ಅಲ್ಲಿಂದ ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದವರ ಮಕ್ಕಳು ವಾಪಸ್ ಬಂದು ಕಲಿಸಿದರು, ಆಡಿದರು. ಅವರಲ್ಲಿ ಫ್ರಾಂಕ್ ಲುಬಿನ್ ಅಂತ ಒಬ್ಬ. ಹುಟ್ಟಿದ್ದು ಲಾಸ್ ಏಂಜಲಿಸ್‌ನಲ್ಲಿ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ಗೆದ್ದ ತಂಡದವನು. ಅಪ್ಪ ಅಮ್ಮನ ಊರು ನೋಡಿ ಹೋಗೋಣ ಅಂತ ಲಿಥುವೇನಿಯಾಕ್ಕೆ ಹೋದವನು ಅಲ್ಲಿನ ಹುಡುಗರಿಗೆ ಆಟ ಹೇಳಿಕೊಟ್ಟ, 1939ರಲ್ಲಿ ಕೌನಾಸ್ ಪಟ್ಟಣದಲ್ಲಿ ಅವರ ಜೊತೆಗೇ ಆಡಿ ಕಪ್ ಗೆದ್ದ. ಅದೇ ಕೌನಾಸ್‌ನಲ್ಲಿ ಮುಂದೆ ಸಬೋನಿಸ್ ಬೆಳೆದದ್ದು. ಅಮೆರಿಕದ ಪ್ರಭಾವ ಅಂದರೆ ಇದು, ಖಂಡಿತ. ಆದರೆ ಇದು ಟಿಕೆಟ್ ಮಾರಲಿಕ್ಕೆ ಬಂದ ಪ್ರಭಾವ ಅಲ್ಲ. ಮೇಷ್ಟ್ರ ಹಾಗೆ ಬಂದದ್ದು.

ಆಮೇಲೆ ಯುರೋಪಿನವರು ತಮ್ಮದೇ ಕ್ಲಬ್ಬು ಕಟ್ಟಿದರು. 1958ರಲ್ಲೇ ಈಗಿನ ಯುರೋಲೀಗ್‌ನ ಮೂಲವಾದ ಚಾಂಪಿಯನ್ಸ್ ಕಪ್ ಶುರುವಾಗಿತ್ತು. ಮ್ಯಾಡ್ರಿಡ್, ಮಿಲಾನ್, ಟೆಲ್ ಅವೀವ್, ಬೆಲ್‌ಗ್ರೇಡ್ ಎಲ್ಲ ಕಡೆ ಕ್ಲಬ್ಬಿಗೊಂದು ಹಾಲು, ಹಾಲಿಗೊಬ್ಬ ಗದರುವ ಕೋಚು, ಹತ್ತು ವರ್ಷದ ಮಕ್ಕಳ ತಂಡ, ಹನ್ನೆರಡರ ತಂಡ, ಹದಿನಾಲ್ಕರ ತಂಡ. 1989ರಲ್ಲಿ ಪೆಟ್ರೋವಿಚ್, ಡಿವಾಚ್, ಮಾರ್ಚುಲಿಯೋನಿಸ್ ಇವರೆಲ್ಲ ಎನ್‌ಬಿಎಗೆ ಹೋದರಲ್ಲ, ಅವರು ಹೋಗುವಾಗಲೇ ಪಳಗಿದ ಆಟಗಾರರು. ಅದಕ್ಕೆ ಹಿಂದಿನ ವರ್ಷವಷ್ಟೇ ಸೋಲ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ತಂಡ ಅಮೆರಿಕವನ್ನು ಸೋಲಿಸಿ ಚಿನ್ನ ಗೆದ್ದಿತ್ತು. ಅಮೆರಿಕದವರು ಮುಂದೆ ವೃತ್ತಿಪರರನ್ನೇ ಒಲಿಂಪಿಕ್ಸ್‌ಗೆ ಕಳಿಸಿದರು. 1992ರ ಬಾರ್ಸಿಲೋನಾ, ಜೋರ್ಡನ್, ಮ್ಯಾಜಿಕ್ ಜಾನ್ಸನ್, ಬರ್ಡ್, ಅದೇ 'ಡ್ರೀಮ್ ಟೀಮ್'. ಆ ವರ್ಷ ಜರ್ಮನಿಯ ನೊವಿಟ್ಸ್ಕಿಗೆ 14 ವರ್ಷ, ಬಾರ್ಸಿಲೋನಾದವನೇ ಆದ ಪಾವ್ ಗಸೋಲ್‌ಗೆ 12. ಆ ತಂಡ ಒಂದು ಇಡೀ ತಲೆಮಾರಿಗೆ ಹುಚ್ಚು ಹಿಡಿಸಿತು ಅನ್ನೋದನ್ನು ನಾನು ಅಲ್ಲಗಳೆಯೋದಿಲ್ಲ. ಹುಚ್ಚು ಹಿಡಿಸಲಿಕ್ಕೆ ಎನ್‌ಬಿಎಯನ್ನು ಬಿಟ್ಟರಿಲ್ಲ. ಆದರೆ ಹುಚ್ಚು ಹಿಡಿದ ಹುಡುಗ ಮಾರನೇ ದಿನ ಸಂಜೆ ಚೆಂಡು ಹಿಡ್ಕೊಂಡು ಹೋಗಲಿಕ್ಕೆ ಒಂದು ಜಾಗ ಬೇಕಲ್ಲ? ನೊವಿಟ್ಸ್ಕಿಗೆ ಊರಿನಲ್ಲೇ, ವ್ಯುರ್ಟ್ಸ್‌ಬರ್ಗ್‌ನಲ್ಲಿ, ಎರಡನೇ ದರ್ಜೆಯ ಒಂದು ಕ್ಲಬ್ಬಿತ್ತು. ಗೆಶ್ವಿಂಡ್ನರ್ ಅನ್ನುವ ಹಳೆಯ ಆಟಗಾರ ಅವನನ್ನು ಕಂಡು ಹಿಡಿದು ವರ್ಷಗಟ್ಟಲೆ ತಿದ್ದಿದ.

ನನಗೆ ಇದರಲ್ಲಿ ತುಂಬ ಹತ್ತಿರ ಅನ್ನಿಸುವ ಕಥೆ ಯಾನಿಸ್‌ನದ್ದು. ಯಾನಿಸ್ ಆಂಟೆಟೊಕೂಂಪೊ, ಹೆಸರು ಹೇಳಲಿಕ್ಕೇ ಎರಡು ದಿನ ಬೇಕು. ಅಪ್ಪ ಅಮ್ಮ ನೈಜೀರಿಯಾದಿಂದ ಗ್ರೀಸಿಗೆ ಕೆಲಸ ಹುಡುಕಿಕೊಂಡು ಬಂದವರು. ಹುಟ್ಟಿದ್ದು, ಬೆಳೆದದ್ದು ಅಥೆನ್ಸ್‌ನಲ್ಲಿ, ಆದರೆ 2013ರವರೆಗೆ ಆ ದೇಶದ ಪೌರತ್ವವೇ ಇರಲಿಲ್ಲ. ಬೀದಿಯಲ್ಲಿ ಗಡಿಯಾರ, ಕನ್ನಡಕ ಮಾರುತ್ತಿದ್ದ ಹುಡುಗ. ಅವನನ್ನು ಒಳಗೆ ಕರೆದದ್ದು ಫಿಲಾಥ್ಲಿಟಿಕೋಸ್ ಅನ್ನುವ ಬಡಾವಣೆಯ ಕ್ಲಬ್ಬು. ಕಾಗದ ಪತ್ರ ಆಮೇಲೆ ನೋಡಿಕೊಂಡರು, ಮೊದಲು ಚೆಂಡು ಕೊಟ್ಟರು. 2019 ಮತ್ತು 2020ರಲ್ಲಿ ಅವನೇ ಎನ್‌ಬಿಎಯ ವರ್ಷದ ಶ್ರೇಷ್ಠ ಆಟಗಾರ. ಮತ್ತೆ 2021, 2022, 2024ಕ್ಕೆ ಯೋಕಿಚ್. ಅವನು ಸೆರ್ಬಿಯಾದ ಸೊಂಬೋರ್ ಊರಿನವನು. ಅದು ಎಷ್ಟು ದೊಡ್ಡದು ಅಂತೀರಿ? ಹೆಚ್ಚುಕಡಿಮೆ ನಮ್ಮ ಪುತ್ತೂರಿನಷ್ಟು! 2014ರ ಡ್ರಾಫ್ಟ್‌ನಲ್ಲಿ ಅವನ ಹೆಸರು 41ನೆಯದಾಗಿ ಬಂದಾಗ ಅಮೆರಿಕದ ಟಿವಿಯವರು ಟ್ಯಾಕೋ ಬೆಲ್ ಜಾಹೀರಾತು ತೋರಿಸುತ್ತಿದ್ದರು. 2018ರ ಜೇಮ್ಸ್ ಹಾರ್ಡನ್ ಆದಮೇಲೆ 2025ರವರೆಗೆ ಅಮೆರಿಕದಲ್ಲಿ ಹುಟ್ಟಿದ ಒಬ್ಬನಿಗೂ ಆ ಪ್ರಶಸ್ತಿ ಸಿಕ್ಕಿಲ್ಲ. ಇನ್ನು ಯಾರು ಯಾರನ್ನು ಬೆಳೆಸಿದರು ಅಂತ ನೀವೇ ಹೇಳಿ.

ಕೊಟ್ಟದ್ದಷ್ಟೇ ಅಲ್ಲ, ಎನ್‌ಬಿಎ ತೆಗೆದುಕೊಂಡು ಹೋದದ್ದೂ ಇದೆ. ಡಾನ್ಚಿಚ್ 2018ರಲ್ಲಿ 19 ವರ್ಷಕ್ಕೇ ರಿಯಲ್ ಮ್ಯಾಡ್ರಿಡ್‌ಗೆ ಯುರೋಲೀಗ್ ಗೆಲ್ಲಿಸಿ, ಅದೇ ವರ್ಷ ಡಲ್ಲಾಸ್‌ಗೆ ಹೊರಟ. ಮಾವಿನ ಗಿಡಕ್ಕೆ ನೀರು ಹಾಕಿದವರು ಒಬ್ಬರು, ಹಣ್ಣು ಕೊಯ್ದವರು ಇನ್ನೊಬ್ಬರು. ಈಗ ಅಮೆರಿಕದ ಕಾಲೇಜುಗಳೂ ಆಟಗಾರರಿಗೆ ದುಡ್ಡು ಕೊಡಬಹುದು ಅಂತ ಆಗಿದೆ. ಹಾಗಾಗಿ ಹದಿನೆಂಟು ಹತ್ತೊಂಬತ್ತರ ಹುಡುಗರೇ ಯುರೋಪಿನ ಕ್ಲಬ್ಬು ಬಿಟ್ಟು ಆ ಕಡೆ ಹೊರಟಿದ್ದಾರೆ.

ಮಜಾ ಏನಂದರೆ, ನಾನು ಮನೆಯಲ್ಲಿ ಗೋಳಿಬಜೆ ತಿನ್ನುತ್ತಿದ್ದ ಅದೇ 2025ರ ಮಾರ್ಚ್ ಕೊನೆಯಲ್ಲಿ ಎನ್‌ಬಿಎ ಮತ್ತು ಫಿಬಾ ಸೇರಿ, ಯುರೋಪಿನಲ್ಲಿ ತಾವೇ ಒಂದು ಲೀಗ್ ಮಾಡುವ ಯೋಚನೆ ಇದೆ ಅಂತ ಹೇಳಿದವು. ಹದಿನಾರು ತಂಡ, ಅದರಲ್ಲಿ ಹನ್ನೆರಡಕ್ಕೆ ಕಾಯಂ ಸೀಟು ಅನ್ನುವ ಲೆಕ್ಕ. ಕಾಯಂ ಸೀಟು ಬೇಕಾದ ಕಡೆ ಲಂಡನ್, ಪ್ಯಾರಿಸ್ ತರಹದ ದುಡ್ಡಿನ ಊರುಗಳ ಹೆಸರೇ ಮೊದಲು ಬರುತ್ತವೆ. ಲಂಡನ್ನಿಗೂ ಬಾಸ್ಕೆಟ್‌ಬಾಲಿಗೂ ಏನು ಸಂಬಂಧ? ಸೊಂಬೋರಿನ ಹುಡುಗ ಮೇಲೆ ಹತ್ತಿದ ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ಆಗ ಯಾರು ದುಡ್ಡು ಹಾಕುತ್ತಾರೆ? ಸ್ನೇಹಿತರು ಇದನ್ನೂ 'ಬೆಳವಣಿಗೆ' ಅಂತಲೇ ಕರೆದರು. ಯುರೋಲೀಗ್ ಕ್ಲಬ್ಬುಗಳಲ್ಲಿ ಎಷ್ಟೋ ನಷ್ಟದಲ್ಲೇ ನಡೆಯುತ್ತವೆ, ಫುಟ್‌ಬಾಲ್ ವಿಭಾಗದ ದುಡ್ಡಲ್ಲೋ ಯಾರೋ ಶ್ರೀಮಂತನ ದುಡ್ಡಲ್ಲೋ ಬದುಕುತ್ತವೆ ಅನ್ನುವ ಅವರ ಮಾತಿನಲ್ಲಿ ಸತ್ಯ ಇದೆ. ಅಮೆರಿಕದವರಿಗೆ ವ್ಯಾಪಾರ ಗೊತ್ತು. ಅಷ್ಟು ನಾನೂ ಒಪ್ಪಿದೆ.

ಇನ್ನು ನಮ್ಮ ಗಲ್ಫು. ಇಲ್ಲಿ ಏಣಿಯ ತುದಿಯನ್ನೇ ಖರೀದಿ ಮಾಡುತ್ತಾರೆ. 2022ರಿಂದ ಅಬುಧಾಬಿಗೆ ಪ್ರತಿ ಅಕ್ಟೋಬರ್‌ನಲ್ಲಿ ಎನ್‌ಬಿಎ ತಂಡಗಳು ಬಂದವು. 2025ರ ಮೇನಲ್ಲಿ ಯುರೋಲೀಗ್‌ನ ಕೊನೆಯ ನಾಲ್ಕರ ಪಂದ್ಯಗಳೂ ಅಲ್ಲೇ ನಡೆದವು, ಫೆನರ್‌ಬಾಚೆ ಗೆದ್ದಿತು. ಯುರೋಪಿನ ಕಪ್ಪು, ಆಡುವವರು ಟರ್ಕಿ ಮತ್ತು ಮೊನಾಕೊ ತಂಡದವರು, ಮೈದಾನ ಮರಳುಗಾಡಿನಲ್ಲಿ! ದುಬೈ ತಂಡವೊಂದು 2025-26ರಲ್ಲಿ ಯುರೋಲೀಗ್‌ಗೇ ಸೇರಿತು. ಆಡುವವರ ಪಟ್ಟಿ ನೋಡಿದರೆ ಹೆಚ್ಚಿನವರೆಲ್ಲ ಯುರೋಪು, ಅಮೆರಿಕದವರು.

ಬಹ್ರೈನ್ ಇದಕ್ಕಿಂತ ವಾಸಿ. ದುಡ್ಡು ಕಡಿಮೆ, ಆಟ ಜಾಸ್ತಿ. ಮನಾಮಾ ಕ್ಲಬ್, ಮುಹರ್ರಕ್, ಅಹ್ಲಿ, ರಿಫಾ ಇವರ ನಡುವಿನ ಪಂದ್ಯಕ್ಕೆ ಉಮ್ ಅಲ್ ಹಸ್ಸಮ್‌ನ ಹಾಲಿಗೆ ಒಮ್ಮೆ ಹೋಗಿ ನೋಡಿ. ಡೋಲು, ಹಾಡು, ಬಾವುಟ... ಕಿವಿ ಕಿತ್ತುಹೋಗಬೇಕು. ನಾನು ಎರಡು ಸಲ ಹೋಗಿದ್ದೇನೆ, ಎರಡು ಸಲವೂ ನನ್ನ ಸುತ್ತಮುತ್ತ ಕೂತವರಲ್ಲಿ ನನ್ನ ಹೊರತು ಇಂಡಿಯಾದವರು ಇರಲಿಲ್ಲ. ಆದರೆ ಇಲ್ಲಿಯ ತಂಡಗಳೂ ಎತ್ತರದ ಜಾಗಕ್ಕೆ ಅಮೆರಿಕದವರನ್ನು ತರುವುದನ್ನು ಅಭ್ಯಾಸ ಮಾಡಿಕೊಂಡಿವೆ. ರಾಷ್ಟ್ರೀಯ ತಂಡಕ್ಕೂ ಅಷ್ಟೆ. ಟೆನೆಸಿ ವಿಶ್ವವಿದ್ಯಾಲಯದಲ್ಲಿ ಆಡಿದ್ದ ವೇಯ್ನ್ ಚಿಸಮ್ ಇಲ್ಲಿಯ ಪೌರತ್ವ ಪಡೆದು ಬಹ್ರೈನಿಗೆ ಆಡಿದರು. ಹೀಗೆ ಹೊರಗಿನಿಂದ ಬಂದ ಒಬ್ಬರನ್ನು ಆಡಿಸಲಿಕ್ಕೆ ಫಿಬಾ ನಿಯಮವೇ ಇದೆ, ಏಷ್ಯಾದ ಎಷ್ಟೋ ದೇಶಗಳು ಮಾಡುತ್ತವೆ. ಒಬ್ಬ ದೊಡ್ಡ ಅಮೆರಿಕನ್ ನಡುವೆ ನಿಂತರೆ ಈ ವರ್ಷದ ಪಂದ್ಯ ಗೆಲ್ಲಬಹುದು. ಆದರೆ ಇಲ್ಲೇ ಹುಟ್ಟಿದ ಎತ್ತರದ ಹುಡುಗ ಬೆಂಚಿನ ಮೇಲೆ ಕೂತು ಅವನನ್ನು ನೋಡುತ್ತಾನೆ.

ಹ್ಯಾಂಡ್‌ಬಾಲಿನಲ್ಲಿ ಇದೇ ಬಹ್ರೈನ್ ಏನು ಮಾಡಿದೆ ಗೊತ್ತಾ? ಹ್ಯಾಂಡ್‌ಬಾಲಿಗೆ ಎನ್‌ಬಿಎ ತರಹದ್ದು ಏನೂ ಇಲ್ಲ, ಅಮೆರಿಕದವರಿಗೆ ಆ ಆಟವೇ ಬೇಡ. ಇಲ್ಲಿಯ ಹಳ್ಳಿಗಳಲ್ಲಿ, ಬಾರ್ಬಾರ್, ದೈರ್‌ನಂಥ ಕಡೆ, ಕ್ಲಬ್ಬುಗಳಲ್ಲಿ ಹುಡುಗರು ಚಿಕ್ಕಂದಿನಿಂದ ಆಡುತ್ತಾರೆ. ಕಲಿಸಲಿಕ್ಕೆ ಐಸ್‌ಲ್ಯಾಂಡಿನಿಂದ ಕೋಚ್ ಕರೆಸಿದರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬಹ್ರೈನ್ ಎಂಟರ ಘಟ್ಟಕ್ಕೆ ಹೋಗಿ ಫ್ರಾನ್ಸ್ ಎದುರು ಆಡಿತು. ಒಲಿಂಪಿಕ್ ಕ್ವಾರ್ಟರ್ ಫೈನಲ್, ಹದಿನೈದು ಹದಿನಾರು ಲಕ್ಷ ಜನ ಇರುವ ದ್ವೀಪ! ನನ್ನ ಸ್ನೇಹಿತರಿಗೆ ಇದನ್ನು ಹೇಳಿದಾಗ ಅವರು "ಹ್ಯಾಂಡ್‌ಬಾಲ್ ಯಾರು ನೋಡ್ತಾರೆ?" ಅಂದರು. ಅದೇ ನಾನೂ ಹೇಳೋದು. ಯಾರು ನೋಡ್ತಾರೆ ಅನ್ನೋದು ಒಂದು ಪ್ರಶ್ನೆ, ಯಾರು ಆಡ್ತಾರೆ ಅನ್ನೋದು ಬೇರೆಯೇ ಪ್ರಶ್ನೆ.

ಊರಿನ ಕಡೆಗೂ ಸ್ವಲ್ಪ ಬರೋಣ. ನಮ್ಮ ದಕ್ಷಿಣ ಭಾರತಕ್ಕೂ ಮೊದಲು ಬಂದದ್ದು ಮೇಷ್ಟ್ರ ರೂಪದ ಅಮೆರಿಕವೇ. ಹ್ಯಾರಿ ಕ್ರೋ ಬಕ್ ಅನ್ನುವ ಅಮೆರಿಕದವರು 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದರು. ಅಲ್ಲಿ ಕಲಿತ ಡ್ರಿಲ್ ಮೇಷ್ಟ್ರುಗಳು ಎಷ್ಟೋ ಊರಿನ ಶಾಲೆಗಳಿಗೆ ಹೋದರು. ಬೆಂಗಳೂರಿನಲ್ಲಿ ಬೀಗಲ್ಸ್, ಯಂಗ್ ಓರಿಯನ್ಸ್, ಮೌಂಟ್ಸ್ ಅಂತ ಕ್ಲಬ್ಬುಗಳಾದವು. ಆಡುವವರಿಗೆ ಹೊಟ್ಟೆಗೆ ಅನ್ನ ಹಾಕಿದ್ದು ಬ್ಯಾಂಕು ಮತ್ತು ರೈಲ್ವೆ. ನಮ್ಮ ಕರಾವಳಿಯವರು ಕಟ್ಟಿದ ವಿಜಯಾ ಬ್ಯಾಂಕಿಗೆ ಒಳ್ಳೆಯ ಬಾಸ್ಕೆಟ್‌ಬಾಲ್ ತಂಡ ಇತ್ತು. ಬ್ಯಾಂಕೇ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿಹೋಯಿತು. ನಾವೆಲ್ಲ ಬ್ಯಾಂಕಿನ ಹೆಸರು ಹೋಯಿತು ಅಂತ ಬೇಜಾರು ಮಾಡಿಕೊಂಡೆವು, ತಂಡದ ನೆನಪು ಯಾರಿಗೂ ಬರಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಂಬೈಗೆ ಸ್ಯಾಕ್ರಮೆಂಟೊ ಮತ್ತು ಇಂಡಿಯಾನಾ ತಂಡಗಳು ಬಂದು ಎರಡು ಪಂದ್ಯ ಆಡಿ ಹೋದಾಗ ಮಾತ್ರ ಪೇಪರಿನ ತುಂಬ ಫೋಟೋ.

ಆದರೆ ಎನ್‌ಬಿಎಗೆ ನಾನು ಅನ್ಯಾಯ ಮಾಡಬಾರದು. ಮೇಷ್ಟ್ರ ಕೆಲಸವನ್ನು ಅದು ಮಾಡಿದ ಕಡೆ ಫಲ ಕಂಡಿದೆ. 2017ರಲ್ಲಿ ದೆಹಲಿ ಹತ್ತಿರ ಗ್ರೇಟರ್ ನೋಯ್ಡಾದಲ್ಲಿ ಅಕಾಡೆಮಿ ತೆರೆಯಿತು. ಅಲ್ಲಿ ತರಬೇತಿಯ ಹೊಣೆ ಹೊತ್ತವರು ಸ್ಕಾಟ್ ಫ್ಲೆಮಿಂಗ್. ಅದಕ್ಕೂ ಮೊದಲು, 2014ರಲ್ಲಿ, ಅವರು ಕೋಚ್ ಆಗಿದ್ದಾಗಲೇ ಭಾರತ ವುಹಾನ್‌ನಲ್ಲಿ ಚೀನಾವನ್ನು 65-58ರಿಂದ ಸೋಲಿಸಿತ್ತು. ಮನಾಮಾದಲ್ಲಿ ನಾನು ನೋಡದೇ ಬಿಟ್ಟ ಆ ಪಂದ್ಯಗಳಲ್ಲಿ ಭಾರತದ ಬೆಂಚಿನ ಮುಂದೆ ನಿಂತಿದ್ದವರೂ ಅವರೇ. ಹಾಗೇ ಬೆಂಗಳೂರಿನ ಸಂಜನಾ ರಮೇಶ್. ಎನ್‌ಬಿಎ ಅಕಾಡೆಮಿಯ ಹುಡುಗಿಯರ ಶಿಬಿರಗಳಿಂದ ಮುಂದೆ ಬಂದು, ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಆಡಿದಳು. ನಮ್ಮ ಮಕ್ಕಳ ಗೋಡೆಯ ಮೇಲೆ ಲೆಬ್ರಾನ್ ಇರಲಿ, ಬೇಡ ಅನ್ನೋದಿಲ್ಲ. ಪಕ್ಕದಲ್ಲಿ ಈ ಹುಡುಗಿಯದ್ದೂ ಒಂದು ಇರಬಾರದಾ?

ಇನ್ನೊಂದು ವಿಚಿತ್ರ ಇದೆ. 2008ರ ಹೊತ್ತಿಗೆ ನಮ್ಮ ಸರ್ಕಾರ, ಭಾರತದ ಪಾಸ್‌ಪೋರ್ಟ್ ಇದ್ದವರು ಮಾತ್ರ ದೇಶಕ್ಕೆ ಆಡಬೇಕು ಅಂದುಬಿಟ್ಟಿತು. ಹಾಗಾಗಿ ಅಮೆರಿಕ, ಕೆನಡಾದಲ್ಲಿರುವ ನಮ್ಮವರ ಮಕ್ಕಳಿಗೆ ಒಳ್ಳೆಯ ಕೋಚು, ಒಳ್ಳೆಯ ಕೋರ್ಟು ಎಲ್ಲ ಇದ್ದರೂ ಆಡುವ ಹಾಗಿಲ್ಲ. ಲಿಥುವೇನಿಯಾದ ಲುಬಿನ್‌ಗೆ ಸಿಕ್ಕ ಅವಕಾಶ ಅವರಿಗಿಲ್ಲ. ಆದರೆ ಗಲ್ಫಿನ ನಾವು? ಮೂವತ್ತು ವರ್ಷ ಇಲ್ಲಿ ದುಡಿದರೂ ನಮ್ಮ ಕೈಯಲ್ಲಿರುವುದು ಅದೇ ನೀಲಿ ಪಾಸ್‌ಪೋರ್ಟು. ನಮ್ಮ ಮಕ್ಕಳು ಕಾನೂನಿನ ಪ್ರಕಾರ ಪೂರ್ತಿ ಅರ್ಹರು. ಅವರಿಗೆ ಇಲ್ಲದಿರೋದು ಶಾಲೆ ಮುಗಿದ ಮೇಲಿನ ಒಂದು ತಂಡ ಮಾತ್ರ. ಸಿಬಿಎಸ್‌ಇ ಕ್ಲಸ್ಟರ್ ಟೂರ್ನಮೆಂಟ್ ಅಂತ ಒಂದಿದೆ, ಹನ್ನೊಂದನೇ ಕ್ಲಾಸಿಗೆ ಬಂದಕೂಡಲೇ "ಕೋಚಿಂಗ್" ಅಂದರೆ ಗಣಿತದ ಕೋಚಿಂಗ್ ಅಂತ ಅರ್ಥ ಬದಲಾಗುತ್ತದೆ. ಹಾಗೆ ಬದಲಾಯಿಸುವವರಲ್ಲಿ ನಾನೂ ಒಬ್ಬ, ಸುಳ್ಳು ಯಾಕೆ ಹೇಳಲಿ. ಪಕ್ಕದಲ್ಲೇ ಫಿಲಿಪ್ಪೀನ್ಸಿನವರು ಇದ್ದಾರೆ, ನಮ್ಮಷ್ಟೇ ಕಷ್ಟಪಡುವವರು, ಎತ್ತರದಲ್ಲಿ ನಮಗಿಂತ ಹೆಚ್ಚೇನಲ್ಲ. ಶುಕ್ರವಾರ ರಜೆ ಸಿಕ್ಕರೆ ಸಾಕು, ಸಿಮೆಂಟಿನ ಕೋರ್ಟಿನಲ್ಲಿ ತಮ್ಮದೇ ಲೀಗ್, ತಮ್ಮದೇ ಸಮವಸ್ತ್ರ, ತಮ್ಮದೇ ರೆಫ್ರಿ. ನನ್ನ ಮಗ ಆಟ ಕಲಿತದ್ದು ಅವರ ಮಕ್ಕಳ ಜೊತೆ. ಬೆಳಗಿನ ಜಾವ ಮೂರಕ್ಕೆ ಎದ್ದು ಎನ್‌ಬಿಎ ನೋಡಿ ಕಲಿತದ್ದಲ್ಲ. ನೋಡಿದ್ದಾನೆ, ನಿದ್ದೆ ಮಾಡಿದ್ದು ಮಾತ್ರ ಕ್ಲಾಸಿನಲ್ಲಿ.

ಆಗಸ್ಟಿನಲ್ಲಿ ಜೆಡ್ಡಾದ ಏಷ್ಯಾ ಕಪ್ ಬಂತು. ಈ ಸಲ ತಪ್ಪಿಸಲಿಲ್ಲ, ಅಪ್ಪ ಮಗ ಇಬ್ಬರೂ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಚೀನಾ, ಸೌದಿ, ಜೋರ್ಡಾನ್ ಮೂವರ ಎದುರೂ ಸೋಲು. ಆದರೆ ಜೋರ್ಡಾನ್ ಪಂದ್ಯ ಹೆಚ್ಚುವರಿ ಸಮಯದವರೆಗೆ ಹೋಯಿತು ನೋಡಿ, ಆಗ ನಾನು ಕೂಗಿದ ಕೂಗಿಗೆ ಇವಳು ಅಡುಗೆ ಮನೆಯಿಂದ ಓಡಿ ಬಂದಳು. ಆರ್‌ಸಿಬಿ ಕಪ್ ಗೆದ್ದಾಗಲೂ ಇಷ್ಟು ಕೂಗಿರಲಿಲ್ಲ ಅಂತ ಅವಳ ಕಂಪ್ಲೇಂಟು.

ಅದಾದಮೇಲೆ ಇಲ್ಲಿಯ ನಮ್ಮವರ ಒಂದು ಸಂಘದ ಕ್ರೀಡಾಕೂಟಕ್ಕೆ ಬಾಸ್ಕೆಟ್‌ಬಾಲ್ ಸೇರಿಸಿ ಅಂತ ಅರ್ಜಿ ಕೊಟ್ಟೆ. ಹಗ್ಗಜಗ್ಗಾಟ, ಥ್ರೋಬಾಲ್, ವಾಲಿಬಾಲ್, ಲಿಂಬೆ ಚಮಚ ಎಲ್ಲ ಇದೆ, ಇದೊಂದು ಯಾಕಿರಬಾರದು? ಅಧ್ಯಕ್ಷರು ಒಳ್ಳೆಯವರು. "ಅಣ್ಣ, ಮೊದಲು ಐದು ಮಕ್ಕಳನ್ನು ತನ್ನಿ, ಆಮೇಲೆ ನೋಡುವ" ಅಂದರು. ಸದ್ಯಕ್ಕೆ ಮೂರು ಜನ ಆಗಿದ್ದಾರೆ. ನನ್ನ ಮಗ, ಕುಂದಾಪುರದವರ ಅವಳಿ ಹುಡುಗಿಯರು. ಆ ಫಿಲಿಪ್ಪೀನ್ಸ್ ಹುಡುಗನನ್ನು ಸೇರಿಸಿಕೊಳ್ಳಬಹುದಾ ಅಂತ ಕೇಳಿದ್ದೇನೆ, ಕಮಿಟಿ ಮೀಟಿಂಗಿನಲ್ಲಿ ಇಡುತ್ತಾರಂತೆ. ಐದನೆಯವರು ಬೇಕು. ಬಹ್ರೈನಿನಲ್ಲಿ ಇದ್ದು ಇದನ್ನು ಓದುತ್ತಿದ್ದರೆ, ಮನೆಯಲ್ಲಿ ಹದಿಮೂರರ ಮೇಲಿನ ಮಕ್ಕಳಿದ್ದರೆ, ಎತ್ತರ ಎಷ್ಟು ಅಂತ ನಾನು ಕೇಳೋದಿಲ್ಲ. ಶನಿವಾರ ಸಂಜೆ ಐದಕ್ಕೆ ಕಳಿಸಿ, ನೀರಿನ ಬಾಟ್ಲಿ ಜೊತೆಗೆ.